ಒಳಗಡೆಯ ಚಿಲಕ

ನಮ್ಮ ಗುಡ್ಡಪ್ಪನನ್ನು ಒಳ್ಳೆಯವನು ಎಂದು ಹೊಗಳುವವರು ಊರ ತುಂಬ ಇದ್ದಾರೆ. ಅವರಲ್ಲಿ ಯಾರೂ ಅವನಿಗೆ ತಂಗಿಯನ್ನು ಕೊಟ್ಟವರಲ್ಲ. ಕೊಟ್ಟವನು ನಾನು. ಆದ್ದರಿಂದ ಅವನ ವಿಷಯ ಹೇಳುವ ಹಕ್ಕು ಉಳಿದವರಿಗಿಂತ ನನಗೇ ಒಂದು ಕೈ ಹೆಚ್ಚು.

ನನ್ನದು ಹೊಸದುರ್ಗದ ಪೇಟೆಯಲ್ಲಿ ಟೈಲರ್ ಅಂಗಡಿ. ಗುಡ್ಡಪ್ಪನದು ಹಾಲುರಾಮೇಶ್ವರದ ಹಾದಿಯಲ್ಲಿರುವ ಹಟ್ಟಿ. ಕುರಿ ಸಾಕುವುದು ಅವನಿಗೆ ತಾತನ ಕಾಲದಿಂದ ಬಂದ ಕಸುಬು. ಆಳು ಎತ್ತರ, ಬಿರುಬೇಸಿಗೆಯಲ್ಲೂ ಹೆಗಲ ಮೇಲೊಂದು ಕಂಬಳಿ. ಮಂದೆಯಲ್ಲಿ ಯಾವ ಕುರಿಗೆ ಮೈ ಸರಿಯಿಲ್ಲ ಎಂಬುದನ್ನು ಕೆಮ್ಮು ಕೇಳಿಯೇ ಹೇಳಿಬಿಡುತ್ತಾನೆ. ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟಿದ್ದಾಳೆ ಎಂಬುದನ್ನು ಮಾತ್ರ ಅವನಿಗೆ ಬೇರೆಯವರು ಹೇಳಬೇಕು.

ಎಪ್ಪತ್ತನಾಲ್ಕನೇ ಇಸವಿ, ಸುಗ್ಗಿ ಮುಗಿದಿತ್ತು. ಕಾಲೇಜು ಹುಡುಗರೆಲ್ಲ ಬೀದಿ ಗುಡಿಸುವಷ್ಟು ಅಗಲದ ಬೆಲ್ ಬಾಟಂ ಹೊಲಿಸಲು ಬಂದು ನನ್ನ ಪ್ರಾಣ ತಿನ್ನುತ್ತಿದ್ದ ಕಾಲ. ಒಂದು ಮಧ್ಯಾಹ್ನ ನನ್ನ ತಂಗಿ ನಿಂಗಕ್ಕ ತಗಡಿನ ಟ್ರಂಕು ಹೊತ್ತುಕೊಂಡು ಮನೆಗೆ ಬಂದಳು. ಟ್ರಂಕು ಇಳಿಸಿದ ಮೇಲೆ ಹೇಳಿದ್ದು ಇಷ್ಟೇ.

"ಅಣ್ಣ, ಆ ಮನೇಲಿ ಒಂದು ಬಚ್ಚಲು ಆಗೋವರ್ಗೂ ನಾನು ಅಲ್ಲಿಗೆ ಕಾಲಿಡಲ್ಲ. ಗೋಡೆ ಇರಬೇಕು, ಬಾಗ್ಲಿರಬೇಕು, ಬಾಗ್ಲಿಗೆ ಚಿಲಕ ಇರಬೇಕು."

ಆ ಮನೆಯಲ್ಲಿ ಬಚ್ಚಲು ಎಂದರೆ ಹಿತ್ತಿಲಲ್ಲಿ ಒಂದು ಕಲ್ಲು, ಅದರ ಸುತ್ತ ಹಸಿ ತೆಂಗಿನ ಸೋಗೆಯ ತಡಿಕೆ. ಹಿಂದಿನ ದಿನ ಇವಳು ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಹೊರಗಿನಿಂದ ಒಂದು ಆಡು ಬಂದು ತಡಿಕೆಯನ್ನು ಮೇಯಲು ಶುರು ಮಾಡಿದೆ. ಇವಳು ಒಳಗಿನಿಂದ ಹಚ್ಚಾ ಎಂದರೆ ಅದು ಇನ್ನೊಂದು ಬಾಯಿ ಹೆಚ್ಚಿಗೆ ಕಿತ್ತುಕೊಂಡಿದೆ. ಅಷ್ಟರಲ್ಲಿ ಅತ್ತೆ ಬರಗೇರಮ್ಮ ಆಚೆಯಿಂದ, "ನಿಂಗೀ, ಉಪ್ಪಿನ ಮಡಕೆ ಎಲ್ಲಿಟ್ಟೀಯೆ?" ಎಂದು ಕೇಳಿಕೊಂಡು ನೇರವಾಗಿ ಒಳಕ್ಕೇ ಬಂದಿದ್ದಾರೆ. ಅವರಿಗೆ ಉಪ್ಪಿನ ಮಡಕೆ ನೆನಪಾಗುವುದು ಸೊಸೆ ಸ್ನಾನಕ್ಕೆ ಹೋದಾಗಲೇ.

ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿದ್ದರೆ ನಾಲ್ಕು ದಿನದಲ್ಲಿ ಜಗಳವಾಗುತ್ತದೆ, ಇವಳು ತಾನಾಗಿಯೇ ಹೊರಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ನನ್ನ ಹೆಂಡತಿ ಕಾಳಕ್ಕ ನನ್ನ ಲೆಕ್ಕವನ್ನು ತಲೆಕೆಳಗು ಮಾಡಿದಳು. ಇಬ್ಬರೂ ಒಂದಾದರು. ನಾನು ಊಟಕ್ಕೆ ಕೂತರೆ ಇಬ್ಬರೂ ಗಪ್ಪಾಗುತ್ತಿದ್ದರು, ಎದ್ದು ಹೋದರೆ ನಗುತ್ತಿದ್ದರು. "ನಿಂಗವ್ವ ಕೇಳೋದ್ರಾಗೆ ತಪ್ಪೇನೈತೆ? ನಿಮ್ಮ ಗಂಡಸರಿಗೆ ಹೇಳಿದ್ರೆ ಅರ್ಥ ಆಗ್ತೈತಾ?" ಎಂದು ಕಾಳಕ್ಕ ನನ್ನನ್ನೂ ಆ ಆಡಿನ ಜೊತೆಗೇ ಕಟ್ಟಿಹಾಕಿದಳು.

ವಾರ ಕಳೆಯುವಷ್ಟರಲ್ಲಿ ಗುಡ್ಡಪ್ಪ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ಭಾವ, ಅವ್ಳು ಯಾವಾಗ ಬರ್ತಾಳಂತೆ?"

"ಬಚ್ಚಲು ಕಟ್ಟಿಸಿದ ದಿನ. ನಾಲ್ಕು ಕುರಿ ಮಾರಿ ಕಟ್ಟಿಸಪ್ಪ."

ಮಕ್ಕಳನ್ನು ಮಾರು ಎಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ಮರಿ ಹಾಕುವ ಕಾಲವಂತೆ, ಎಲ್ಲವೂ ಗಬ್ಬವಂತೆ, ಆಗ ಯಾವ ಕುರಿಗಾರನೂ ಮಾರುವುದಿಲ್ಲವಂತೆ. ಕಂಬಳಿಯ ಎಳೆ ಕೀಳತೊಡಗಿದ.

"ಅಮ್ಮ ಮುದ್ದೆ ಮಾಡ್ತಾಳೆ, ಬರೀ ಗಂಟು. ಗಂಟಾದ್ರೂ ನುಂಗಬೋದು ಭಾವ. ಅವ್ಳು ಇಲ್ದೆ ಮನೆ ಒಳಗೆ ಹೋಗಾಕೇ ಮನಸಾಗಲ್ಲ. ರೊಪ್ಪದಾಗೇ ಮಲಗ್ತಾ ಇದೀನಿ."

ರೊಪ್ಪ ಎಂದರೆ ಕುರಿ ಕೂಡುವ ಮುಳ್ಳುಬೇಲಿಯ ಜಾಗ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಷ್ಟು ದಡ್ಡನಾದರೂ ತಂಗಿಯ ಮೇಲೆ ಜೀವ ಇಟ್ಟಿದ್ದಾನೆ. ಮಿಷನ್ನಿನಿಂದ ಎದ್ದು, "ನಡಿ, ಸೊಸೈಟಿಗೆ ಹೋಗಾಣ" ಎಂದೆ.

ಸೊಸೈಟಿ ಎಂದರೆ ಮನೆ ಪತ್ರ ಇಟ್ಟುಕೊಂಡು ಸಾಲ ಕೊಡುವ ಒಂದು ಸಹಕಾರ ಸಂಘ. ಹೆಸರು ಬೇಡ. ಮಣ್ಣಿನ ಮಾಳಿಗೆ ತೆಗೆದು ಹೆಂಚು ಹೊದಿಸಲು ಗುಡ್ಡಪ್ಪ ಅಲ್ಲಿ ಮೊದಲೇ ಮನೆ ಅಡಮಾನ ಇಟ್ಟಿದ್ದ. ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಅದೇ ಅಡಮಾನದ ಮೇಲೆ ಇನ್ನೊಂದಿಷ್ಟು ಸಾಲ ಕೇಳಿದರಾಯಿತು ಎಂದು ನನ್ನ ಯೋಚನೆ. ಅಲ್ಲಿಯ ಸೆಕ್ರೆಟರಿ ಕಾಟಲಿಂಗಪ್ಪ ನನ್ನ ಗಿರಾಕಿ. ಅವನ ಅಂಗಿಗೆ ಎದೆಯ ಅಳತೆಗಿಂತ ಜೇಬಿನ ಅಳತೆ ಮುಖ್ಯ. ಪ್ರತಿ ಜೇಬಿಗೂ ಗುಂಡಿ ಇರಲೇಬೇಕು.

"ಮನೆ ಆಗ್ಲೇ ಅಡಮಾನದಾಗೈತಲ್ಲಪ್ಪ," ಎಂದ ಕಾಟಲಿಂಗಪ್ಪ. "ಅದರ ಮೇಲೆ ಇನ್ನೂ ಕೊಡಬೇಕಂದ್ರೆ ಮನೆಗೆ ಅಷ್ಟು ಬೆಲೆ ಐತೆ ಅಂತ ನಾನು ಕಣ್ಣಾರೆ ನೋಡಬೇಕು. ಸೋಮವಾರ ಬರ್ತೀನಿ."

ಹೊರಗೆ ಬಂದ ಮೇಲೆ ಗುಡ್ಡಪ್ಪನಿಗೆ, "ಸೋಮವಾರ ಮನೆ ಚೆನ್ನಾಗಿ ಕಾಣಂಗೆ ಇಟ್ಕಳಪ್ಪ" ಎಂದೆ. ಅವನು, "ಅದು ನನಗೆ ಬಿಡು ಭಾವ" ಎಂದ. ಅವನಿಗೆ ಬಿಟ್ಟೆ. ಬಿಡಬಾರದಿತ್ತು.

ನಮ್ಮವರಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರಲ್ಲ, ಆಗ ಯಾರೂ ಗೋಡೆ ನೋಡುವುದಿಲ್ಲ, ಕುರಿ ನೋಡುತ್ತಾರೆ. ಅದಕ್ಕೇ ಗಂಡಿನ ಕಡೆಯವರು ಅಂದು ಮಂದೆಯನ್ನು ಮೇಯಲು ಬಿಡದೆ ಮನೆ ಮುಂದೆಯೇ ತರುಬಿ ನಿಲ್ಲಿಸಿರುತ್ತಾರೆ. ಸಾಲದಿದ್ದರೆ ಅಣ್ಣತಮ್ಮಂದಿರ ಕುರಿಯನ್ನೂ ತಂದು ಸೇರಿಸುತ್ತಾರೆ. ನಿಂಗಕ್ಕನನ್ನು ನಾವು ಕೊಟ್ಟಿದ್ದೂ ಹಾಗೆ ನೋಡಿಯೇ. ಗುಡ್ಡಪ್ಪ ಕಾಟಲಿಂಗಪ್ಪನಿಗೂ ಅದೇ ಮರ್ಯಾದೆ ಮಾಡಿದ್ದ.

ಸೋಮವಾರ ನಾನು ಕಾಟಲಿಂಗಪ್ಪನ ಜೊತೆ ಹೋದಾಗ ಮನೆ ಕಾಣುತ್ತಲೇ ಇರಲಿಲ್ಲ. ಮೇಲೆ ಹೆಂಚು, ಕೆಳಗೆ ಕುರಿ. ಅಂಗಳದಲ್ಲಿ ಕುರಿ, ಜಗಲಿಯ ಮೇಲೆ ಕುರಿ, ನಡುಮನೆಯಲ್ಲಿ ಮರಿಗಳು. ಅಳತೆಯ ಟೇಪು ಹಿಡಿದು ಬಂದಿದ್ದ ಕಾಟಲಿಂಗಪ್ಪ ಗೋಡೆಯ ಬುಡ ಹುಡುಕುತ್ತಾ ಮನೆಯನ್ನು ಒಂದು ಸುತ್ತು ಹಾಕಿದ. ಮಂದೆ ಅವನ ಜೊತೆಗೇ ಒಂದು ಸುತ್ತು ಹಾಕಿತು. ಕೊನೆಗೆ ಬರಗೇರಮ್ಮ ಅವನನ್ನು ಕರೆದು ಕಂಬಳಿ ಹಾಸಿ, "ಕುಂತ್ಕಳ್ರಿ" ಎಂದು ಕೂರಿಸಿ, ಬೆಲ್ಲ ಹಾಕಿದ ಹಾಲು ಕೊಟ್ಟು, "ನಿಮ್ಮ ಹುಡುಗಿಗೆ ವಯಸ್ಸೆಷ್ಟಪ್ಪ?" ಎಂದು ಕೇಳಿದರು.

"ಯಾವ ಹುಡುಗಿನಮ್ಮ?"

"ಮತ್ತೆ ಮನೆ ನೋಡಾಕೆ ಬಂದೀರಲ್ಲ."

ಗುಡ್ಡಪ್ಪ ನಗುಮುಖದಲ್ಲಿ ಮುಂದೆ ಬಂದು, "ಎಣಿಸ್ಕಳ್ರಿ ಸ್ವಾಮಿ, ವಯಸ್ಸಿನ ಅನುಮಾನ ಇದ್ರೆ ಹಲ್ಲು ನೋಡ್ರಿ" ಎಂದ. ಒಂದು ಮರಿ ಕಾಟಲಿಂಗಪ್ಪನ ಪಂಚೆಯ ತುದಿಯನ್ನು ತಾಯಿಯ ಮೊಲೆ ಎಂದುಕೊಂಡು ಚೀಪುತ್ತಿತ್ತು. ಅವನು ಪಂಚೆ ಬಿಡಿಸಿಕೊಂಡು ಎದ್ದ. ಹೊರಡುವಾಗ ರೊಪ್ಪದ ಮೂಲೆಯಲ್ಲಿದ್ದ ಕುರಿ ಹಿಕ್ಕೆಯ ರಾಶಿಯ ಮುಂದೆ ನಿಂತು, ಮೂಗು ಮುಚ್ಚಿಕೊಳ್ಳದೆ, ಬಹಳ ಹೊತ್ತು ನೋಡಿದ. ಅವನು ಆ ಊರಲ್ಲಿ ಗಮನವಿಟ್ಟು ನೋಡಿದ್ದು ಅದೊಂದನ್ನೇ.

ಎರಡು ದಿನ ಬಿಟ್ಟು ಸೊಸೈಟಿಗೆ ಹೋದೆವು.

"ಅದು ವಾಸದ ಮನೆ ಅಲ್ಲಪ್ಪ, ಹೆಂಚು ಹೊದಿಸಿದ ರೊಪ್ಪ," ಎಂದ ಕಾಟಲಿಂಗಪ್ಪ. "ರೊಪ್ಪಕ್ಕೆ ಬಚ್ಚಲು ಕಟ್ಟಿಸಾಕೆ ನಮ್ಮ ಸಂಘದಾಗೆ ಸಾಲ ಇಲ್ಲ."

ನನಗೆ ಮೈ ಉರಿದುಹೋಯಿತು. "ಇದೇ ಮನೆ ಮೇಲೆ ಹೆಂಚಿಗೆ ಸಾಲ ಕೊಟ್ಟಿದ್ರಲ್ಲ ಕಾಟಲಿಂಗಪ್ನೋರೆ. ಒಂದು ಕಂತು ತಪ್ಪೈತಾ ಹೇಳ್ರಿ."

"ತಪ್ಪಿಲ್ಲ. ಅದಕ್ಕೇ ಹಳೇ ಸಾಲ ಈಗ್ಲೇ ಕಟ್ಟು ಅಂತ ಕೇಳ್ತಾ ಇಲ್ಲ. ಹೊಸದು ಮಾತ್ರ ಇಲ್ಲ."

ಗುಡ್ಡಪ್ಪ ನನ್ನ ತೋಳು ಹಿಡಿದು, "ಹೋಗಲಿ ಬಿಡು ಭಾವ, ಹೆಂಚಿಗೇನೂ ಹೆಸರಿಡಲಿಲ್ಲವಲ್ಲ" ಎಂದು ನನಗೇ ಸಮಾಧಾನ ಹೇಳಿದ. ಇಂಥವನನ್ನು ಕಟ್ಟಿಕೊಂಡು ಯಾರ ಜೊತೆ ಜಗಳವಾಡುವುದು? ಬಾಗಿಲ ತನಕ ಬಂದಿದ್ದೆವು. ಹಿಂದಿನಿಂದ ಕಾಟಲಿಂಗಪ್ಪ ಕರೆದ. ದನಿ ಬೇರೆಯಾಗಿತ್ತು.

"ಗುಡ್ಡಪ್ಪ, ನಿಮ್ಮ ಹಟ್ಟಿ ಹಾದಿಯಾಗೆ ನಮ್ಮ ತೋಟ ಐತಲ್ಲ. ತೆಂಗೆಲ್ಲ ಸೊರಗ್ಯಾವೆ. ಅಲ್ಲಿ ನಿನ್ನ ಮಂದೆ ನಿಲ್ಲಿಸ್ತೀಯೇನಪ್ಪ?"

ರಾತ್ರಿಯ ಹೊತ್ತು ಮಂದೆಯನ್ನು ಹೊಲ ತೋಟಗಳಲ್ಲಿ ಕೂಡಿದರೆ ಹಿಕ್ಕೆ ಗಂಜಳವೆಲ್ಲ ನೆಲಕ್ಕೆ ಬಿದ್ದು ಗೊಬ್ಬರವಾಗುತ್ತದೆ. ತೋಟದವರು ಅದಕ್ಕೆ ಕುರಿಗಾರರಿಗೆ ರಾಗಿಯೋ ಜೋಳವೋ ಅಳೆದು ಕೊಡುವುದು ವಾಡಿಕೆ. ಈಗ ತಾನೇ ರೊಪ್ಪ ಎಂದು ಮೂದಲಿಸಿದ ಬಾಯಿ ಆ ರೊಪ್ಪವನ್ನೇ ತನ್ನ ತೋಟಕ್ಕೆ ಕರೆಯುತ್ತಿತ್ತು. ಒಪ್ಪಬೇಡ ಎಂದು ನಾನು ಗುಡ್ಡಪ್ಪನ ಕಾಲು ತುಳಿದೆ.

"ಅದಕ್ಕೇನು ಸ್ವಾಮಿ, ನಿಲ್ಲಿಸಾಣ" ಎಂದ ಗುಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಯಾಕೆ ಭಾವ ಕಾಲು ತುಳಿದೆ?" ಎಂದ.

ಇನ್ನು ಮುಚ್ಚಿಡುವುದೇನಿದೆ? ನಾನೇ ಬಾಯಿ ಹಾಕಿದೆ. "ರಾಗಿ ಬೇಡ ಕಾಟಲಿಂಗಪ್ನೋರೆ. ನಿಮ್ಮ ತೋಟದಾಗೆ ಕಲ್ಲು ಚಪ್ಪಡಿ ಸುಮ್ನೆ ಬಿದ್ದವೆ, ಅವನ್ನ ಕೊಡ್ರಿ. ಹಳೇ ಪಂಪ್‌ಹೌಸ್ ಕೆಡವಿದೀರಲ್ಲ, ಅದರ ಬಾಗ್ಲೂ ಸೇರಿಸ್ರಿ."

"ಅದು ತೇಗದ ಬಾಗ್ಲು ಕಣಪ್ಪ."

"ತೇಗಕ್ಕೆ ನೀರು ಬಿದ್ರೂ ಏನೂ ಆಗಲ್ಲ, ಬಚ್ಚಲಿಗೆ ಸರಿಹೋಗ್ತೈತೆ."

ಅವನು ಜೇಬಿನ ಗುಂಡಿ ತಿರುವಿದ, ಛಾವಣಿ ನೋಡಿದ, ತೆಂಗಿನ ಮರಗಳನ್ನು ನೆನೆಸಿಕೊಂಡ. ಒಪ್ಪಿದ. ಸಂಘದಲ್ಲಿ ಬೆಲೆ ಇಲ್ಲದ ರೊಪ್ಪಕ್ಕೆ ತೋಟದಲ್ಲಿ ಬೆಲೆ ಇತ್ತು.

ಮಂದೆ ತೋಟದಲ್ಲಿ ನಿಂತಿತು, ಚಪ್ಪಡಿಗಳು ಗಾಡಿಯಲ್ಲಿ ಹಟ್ಟಿಗೆ ಬಂದವು. ಗುಡ್ಡಪ್ಪನೇ ನಿಂತು ಕಲ್ಲು ನಿಲ್ಲಿಸಿದ, ನೆಲಕ್ಕೆ ಹಾಸಿದ, ಬಾಗಿಲು ಕೂರಿಸಿದ. ಮುಗಿಯಿತು ಎಂದು ಹೇಳಿಕಳಿಸಿದ. ನಾನು, ಕಾಳಕ್ಕ, ನಿಂಗಕ್ಕ, ಟ್ರಂಕು ಎಲ್ಲ ಬಸ್ಸು ಹತ್ತಿ ಹೋದೆವು. ದಾರಿಯುದ್ದಕ್ಕೂ ನಿಂಗಕ್ಕನ ಮುಖದಲ್ಲಿ ಮದುವಣಗಿತ್ತಿಯ ಕಳೆ. ನನಗಂತೂ ನಾನೇ ಗೆದ್ದಷ್ಟು ಖುಷಿ.

ಅವಳು ಬಚ್ಚಲನ್ನು ಸುತ್ತಿ ನೋಡಿದಳು. ಒಳಗೆ ಹೋದಳು. ಕಲ್ಲು ಮುಟ್ಟಿದಳು. ಬಾಗಿಲು ಮುಚ್ಚಿದಳು, ಮತ್ತೆ ತೆರೆದಳು.

"ಚಿಲಕ ಎಲ್ಲೈತೆ?"

"ಇಲ್ಲೈತಲ್ಲ" ಎಂದು ಗುಡ್ಡಪ್ಪ ಹೊರಗಡೆ ತೋರಿಸಿದ. ಮೊಣಕೈ ಉದ್ದದ ಕಬ್ಬಿಣದ ಚಿಲಕ. ಹರಳೆಣ್ಣೆ ಬಿಟ್ಟು, ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದ. ಎಳೆದು ಹಾಕಿಯೂ ತೋರಿಸಿದ. "ಟಗರು ಗುದ್ದಿದ್ರೂ ತೆರೆಯಲ್ಲ."

"ನಾನು ಒಳಗೆ ಹೋದ ಮೇಲೆ ಇದನ್ನ ಹಾಕೋರು ಯಾರು?"

"ನಾನು ಹಾಕ್ತೀನಿ. ನಾನು ಇಲ್ದಿದ್ರೆ ಅಮ್ಮ ಹಾಕ್ತಾಳೆ."

ಅವನ ಮೇಲೆ ತಪ್ಪು ಹೊರಿಸಲಾರೆ. ಅವನು ಹುಟ್ಟಿದಾಗಿನಿಂದ ಹಾಕಿದ್ದು ರೊಪ್ಪದ ಬಾಗಿಲು. ಒಳಗಿರುವುದು ಹೊರಗೆ ಹೋಗದಿರಲಿ ಎಂದು ಇರುವುದೇ ಅವನ ಪಾಲಿಗೆ ಚಿಲಕ. ನಿಂಗಕ್ಕ ಜೋರು ಮಾಡಲಿಲ್ಲ. ಟ್ರಂಕಿನ ಮೇಲೆ ಕೂತು ಮೆಲ್ಲಗೆ ಕೇಳಿದಳು.

"ನಾನೇನು ಕುರಿನಾ?"

ಹೆಂಚು ಹೊದಿಸಿದ ರೊಪ್ಪ ಎಂಬ ಕಾಟಲಿಂಗಪ್ಪನ ಮಾತು ಹಾಳಾದ್ದು ನನಗೆ ಆಗಲೇ ನೆನಪಾಗಬೇಕೇ?

"ಮನೆ ಬಾಗ್ಲು ನಿಮ್ಮಮ್ಮ ಹಾಕ್ತಾಳೆ. ರೊಪ್ಪದ್ದು ನೀನು ಹಾಕ್ತೀಯ. ನಾನು ಒಳಗಿಂದ ಹಾಕ್ಕಳಾಕೆ ಈ ಮನೇಲಿ ಒಂದು ಬಾಗ್ಲಿಲ್ಲ. ನೀರು ಎಲ್ಲಿ ಬೇಕಾದ್ರೂ ಹುಯ್ಕಂತೀನಿ. ನಾನು ಕೇಳಿದ್ದು ಚಿಲಕ."

ಕುರಿಯ ಕೆಮ್ಮು ಕೇಳಿದಾಗ ತಲೆ ಓರೆ ಮಾಡುತ್ತಾನಲ್ಲ, ಹಾಗೆ ಗುಡ್ಡಪ್ಪ ಅವಳ ಮಾತು ಕೇಳಿದ. ಒಳಗೆ ಹೋಗಿ ಸುತ್ತಿಗೆ ತಂದ. ಆ ಚಿಲಕ ಕಿತ್ತು, ಬಾಗಿಲ ಒಳಮೈಗೆ ಇಟ್ಟು, ಮೊಳೆ ಹೊಡೆಯತೊಡಗಿದ. ತೇಗದ ಬಾಗಿಲು ಮೊಳೆಯನ್ನು ಸುಲಭಕ್ಕೆ ಬಿಟ್ಟುಕೊಳ್ಳಲಿಲ್ಲ. ಹೆಬ್ಬೆರಳು ಜಜ್ಜಿಕೊಂಡರೂ ನನಗೆ ಸುತ್ತಿಗೆ ಕೊಡಲಿಲ್ಲ. "ಹೊರಗಡೆ ಎಷ್ಟು ಲಕ್ಷಣವಾಗಿ ಕಾಣ್ತಿತ್ತು" ಎಂದು ಬರಗೇರಮ್ಮ ಜಗಲಿಯಿಂದ ಗೊಣಗಿದರು.

ನಿಂಗಕ್ಕ ಹಂಡೆಯಿಂದ ಬಿಸಿನೀರು ತೋಡಿಕೊಂಡು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಸದ್ದೇ ಇಲ್ಲ. ಒಂದು ಚೊಂಬು ನೀರು ಬಿದ್ದ ಸದ್ದೂ ಇಲ್ಲ. ಬಿಸಿನೀರು ತಣ್ಣಗಾಗುವಷ್ಟು ಹೊತ್ತಾಯಿತು. ನನ್ನ ತಂಗಿ ಒಳಗೆ ಸುಮ್ಮನೆ ಕೂತಿದ್ದಳು. ಮದುವೆಯಾದಾಗಿನಿಂದ ಅವಳು ಹಾಗೆ ಕೂತಿದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು.

"ನಿಂಗೀ, ಉಪ್ಪಿನ ಮಡಕೆ ಎಲ್ಲಿಟ್ಟೀಯೆ?" ಎಂದರು ಬರಗೇರಮ್ಮ.

ಗುಡ್ಡಪ್ಪ ಕೋಲು ಹಿಡಿದು ಬಚ್ಚಲ ಬಾಗಿಲ ಮುಂದೆ ಕೂತಿದ್ದ. ಆಡನ್ನು ಅಟ್ಟಲು ಹಿಡಿದಿದ್ದ ಕೋಲು. "ಅವ್ಳು ಒಳಗವಳೆ ಅಮ್ಮ" ಎಂದ.

"ಒಳಗಿದ್ರೆ ಕಿವಿ ಕೇಳಲ್ವಾ?"

"ಕೇಳಲ್ಲ."

ಬರಗೇರಮ್ಮ ಮಗನನ್ನು ದಿಟ್ಟಿಸಿ ನೋಡಿದರು. ಕೋಲನ್ನೂ ನೋಡಿದರು. ಎದ್ದು ಹೋಗಿ ಉಪ್ಪಿನ ಮಡಕೆಯನ್ನು ತಾವೇ ಹುಡುಕಿಕೊಂಡರು. ಅದು ಒಲೆಯ ಪಕ್ಕ, ಯಾವಾಗಲೂ ಇರುವ ಜಾಗದಲ್ಲೇ ಇತ್ತು.

ಸಂಜೆಯ ಬಸ್ಸಿನಲ್ಲಿ ನಾನೂ ಕಾಳಕ್ಕನೂ ಹೊಸದುರ್ಗಕ್ಕೆ ವಾಪಸಾದೆವು. ಆ ಕಾಟಲಿಂಗಪ್ಪನನ್ನು ಹೇಗೆ ಮಣಿಸಿದೆ ನೋಡು ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಮ್ಮ ಮನೆಯ ಬಚ್ಚಲು ಅಡುಗೆಮನೆಯ ಮೂಲೆಯಲ್ಲಿದೆ. ಅದಕ್ಕೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಪರದೆಯ ಅಂಚನ್ನು ನಾನೇ ಹೊಲಿದದ್ದು, ಬಹಳ ನೀಟಾಗಿ. ನಮ್ಮ ಮನೆಯ ಪತ್ರವೂ ಕಾಟಲಿಂಗಪ್ಪನ ಬೀರುವಿನಲ್ಲಿಯೇ ಇದೆ, ಹೊಲಿಗೆ ಮಿಷನ್ನಿನ ಸಾಲಕ್ಕೆಂದು ಇಟ್ಟದ್ದು.

ಬಸ್ಸು ಊರು ಮುಟ್ಟುವ ಹೊತ್ತಿಗೆ ಕಾಳಕ್ಕ ನನ್ನ ಕಡೆ ತಿರುಗಿದಳು.

"ಆ ಸೊಸೈಟಿ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ?"

ಕಾಟಲಿಂಗಪ್ಪನ ತೋಟದಲ್ಲಿ ನಿಲ್ಲಿಸಲು ನನ್ನ ಹತ್ತಿರ ಒಂದು ಕುರಿಯೂ ಇರಲಿಲ್ಲ. ನಮ್ಮವರ ಹಾಗೆ ಕುರಿ ಸಾಕುವುದು ಬಿಟ್ಟು ಕತ್ತರಿ ಹಿಡಿದಿದ್ದಕ್ಕೆ ನನಗೆ ಅಂದು ಮೊದಲ ಸಲ ಹೊಟ್ಟೆ ಉರಿಯಿತು.