ನಕಲಪ್ಪನ ಬೆಳಗಿನ ಪರೀಕ್ಷೆ

ನಮ್ಮ ಕಚೇರಿಯ ಕಡತಗಳನ್ನೆಲ್ಲ ಹಳೆಯ ಸರ್ವರ್‌ನಿಂದ ಕ್ಲೌಡ್‌ಗೆ ಸಾಗಿಸುವ ಕಂಪ್ಯೂಟರ್ ಕೆಲಸದವನಿಗೆ ನಾವಿಟ್ಟ ಹೆಸರು ನಕಲಪ್ಪ. ಪ್ರತಿಯೊಂದಕ್ಕೂ ಒಂದು ನಕಲು ಇಲ್ಲಿ, ಒಂದು ಕ್ಲೌಡ್‌ನಲ್ಲಿ. ಅವನ ಬ್ಯಾಗಿನಲ್ಲೂ ಎರಡು ಕನ್ನಡಕ, ಎರಡು ಕೊಡೆ. ನನ್ನ ಹದಿನಾರು ಸುಳ್ಳು ರಜಾ ಅರ್ಜಿಗಳನ್ನೂ ಅವನು ನಕಲು ಮಾಡದೆ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಒಂದು ಕಡತವನ್ನು ಬೇಕೆಂದೇ ಅಳಿಸಿ, ಅದು ಕ್ಲೌಡ್‌ನಿಂದ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಾನೆ. "ನನ್ನ ಅರ್ಜಿಗಳನ್ನೇ ಅಳಿಸಿ ನೋಡಯ್ಯ," ಎಂದೆ ಒಮ್ಮೆ. "ಹೋದ್ರೆ ಹೋಗ್ಲಿ ಅನ್ನೋದನ್ನ ಅಳಿಸಿದ್ರೆ ಅದೆಂಥ ಪರೀಕ್ಷೆ ಸಾರ್?" ಎಂದವನೇ ತನ್ನದೊಂದು ಕಡತ ಅಳಿಸಿ, ಉಸಿರು ಬಿಗಿಹಿಡಿದು ಕೂತ. ಮರಳಿ ಬಂದದ್ದು ತೀರಿಕೊಂಡ ಅವನ ಅಕ್ಕನ ಧ್ವನಿ: "ಲೋ, ಕೊಡೆ ತಗೊಂಡ್ಯೇನೋ?" "ಎರಡು ತಗೊಂಡಿದೀನಿ ಕಣೇ," ಎಂದು ಪರದೆಗೆ ಉತ್ತರಿಸಿ, ನಕಲಪ್ಪ ನನ್ನತ್ತ ತಿರುಗಿದ: "ನಿಮ್ದೆಲ್ಲ ಭದ್ರವಾಗಿದೆ ಸಾರ್."