ಸಮುದ್ರ ಒಲ್ಲೆ ಎಂದ ಎಲೆ ಅಡಿಕೆ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಯಾರಾದರೂ ಕೇಳಿದರೆ, ನಮ್ಮ ಚಿಕ್ಕವ್ವನನ್ನು ಅಲೆ ಎಳೆದುಕೊಂಡದ್ದು ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಎಂದು ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಕೆಲಸ ಕೆಟ್ಟದ್ದು ಅದಕ್ಕೂ ಕಾಲು ಗಂಟೆ ಮೊದಲು, ನಾನು ಬಾಯಿ ತೆರೆದಾಗ. ನನ್ನ ಫೋನಿನಲ್ಲಿರುವ ವಿಡಿಯೊ ಸಮಯಸಮೇತ ಹಾಗೆಂದು ಸಾಕ್ಷಿ ಹೇಳುತ್ತದೆ. ಅದನ್ನು ಅಳಿಸಿಲ್ಲ. ಎಷ್ಟು ಸಲ ನೋಡಿದ್ದೇನೆಂದು ಹೇಳಲಾರೆ.

ಹೊನ್ನಾಳಿಯಲ್ಲಿ ನಮ್ಮ ಚಿಕ್ಕಪ್ಪನದು ಗೊಬ್ಬರದ ಅಂಗಡಿ. ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ಜೋಡಿಯಾಗಿ ವಿದೇಶಕ್ಕೆ ಕರೆದೊಯ್ಯುವುದುಂಟು. ಈ ಸಲ ಚಿಕ್ಕಪ್ಪನಿಗೆ ಆ ಯೋಗ ಬಂತು. ಬಿತ್ತನೆಯ ಸಮಯವೂ ಆಗಲೇ ಬಂತು. ಅಂಗಡಿ ಬಿಡುವಂತಿರಲಿಲ್ಲ. ಇಂಗ್ಲಿಷ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ, ಜೀವಮಾನದಲ್ಲಿ ಒಂದು ಚೀಲ ಯೂರಿಯಾ ಮಾರದ ನಾನು ಚಿಕ್ಕವ್ವನ ಜೊತೆ ಹೊರಟೆ. ಟಿಕೆಟ್ಟು ಅಗ್ಗದ್ದಾದ್ದರಿಂದ ವಿಮಾನ ನಮ್ಮನ್ನು ನಡುಸಮುದ್ರದ ಒಂದು ದ್ವೀಪದಲ್ಲಿ ಇಳಿಸಿ, ಒಂಬತ್ತು ಗಂಟೆ ಕಾಯಿರಿ ಎಂದಿತು. ದ್ವೀಪದ ಹೆಸರು ನಮ್ಮ ಗುಂಪಿನಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಮೇಲಿನಿಂದ ಅದು ಸೂಳೆಕೆರೆಯನ್ನು ಒಳಗಿನದು ಹೊರಗೆ ಮಾಡಿಟ್ಟಂತೆ ಕಂಡಿತು. ನಮ್ಮಲ್ಲಿ ನೆಲದ ನಡುವೆ ನೀರು, ಅಲ್ಲಿ ನೀರಿನ ನಡುವೆ ಅಂಗೈಯಗಲ ನೆಲ.

ಕಾಯುವುದರಲ್ಲಿ ಮನುಷ್ಯರು ಎರಡು ಜಾತಿ. ಚಿಕ್ಕವ್ವ ಒಂದನೆಯವಳು. ಬಸ್‌ಸ್ಟ್ಯಾಂಡಿಗೆ ಬಂದಳೆಂದರೆ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸು ಬರುವ ದಿಕ್ಕಿಗೆ ಕಣ್ಣಿಟ್ಟು ಕೂರುತ್ತಾಳೆ. ನಾನು ಎರಡನೆಯವನು. ಶಿವಮೊಗ್ಗದ ಬಸ್ಸಿಗೆ ಇಪ್ಪತ್ತು ನಿಮಿಷ ಇದೆಯೆಂದರೆ ಅಷ್ಟರಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಕ್ಷೌರ ಮಾಡಿಸಿಕೊಂಡು ಬರಬಹುದಲ್ಲ ಎನ್ನುವವನು. ಹೀಗೆ ಅರ್ಧ ಕ್ಷೌರದಲ್ಲಿ ಎದ್ದು ಓಡಿದ್ದೂ ಉಂಟು. ಸುಮ್ಮನೆ ಕೂತ ಹೊತ್ತು ಪೋಲಾದ ಹೊತ್ತು ಎಂದು ಯಾರು ನನ್ನ ತಲೆಗೆ ತುಂಬಿದರೋ. ಗುಂಪಿನವರು ವಿಮಾನ ನಿಲ್ದಾಣದ ಕುರ್ಚಿಗಳಲ್ಲಿ ಕಾಲು ಚಾಚಿದಾಗ ನಾನು ಫೋನು ತೆರೆದು, ಒಂಬತ್ತು ಗಂಟೆಯಲ್ಲಿ ಏನೇನು ನೋಡಬಹುದೆಂದು ಹುಡುಕಿದೆ. ಚಿಕ್ಕವ್ವ ಇಲ್ಲೇ ಕುಂದ್ರಾಣ ಎಂದಳು. ಮತ್ತೊಮ್ಮೆಯೂ ಎಂದಳು. ಸಮುದ್ರವನ್ನೇ ನೋಡದವಳು ನೀನು ಎಂದು ಎಬ್ಬಿಸಿ, ಒಬ್ಬ ವಯಸ್ಸಾದ ಟ್ಯಾಕ್ಸಿಯವನನ್ನು ಹಿಡಿದು ದಂಡೆಗೆ ಕರೆದೊಯ್ದೆ.

ಹೊಸ ನೀರು ಕಂಡರೆ ಅವಳದೊಂದು ಪದ್ಧತಿ. ಕಾಲು ತೊಳೆಯುವ ಮೊದಲು ಎಲೆ ಅಡಿಕೆಗೆ ಅರಿಶಿನ ಕುಂಕುಮ ಹಚ್ಚಿ ನೀರಿಗೆ ಬಿಡಬೇಕು. ಅದು ಕಣ್ಮರೆಯಾಗುವ ತನಕ ಬೆನ್ನು ತಿರುಗಿಸಬಾರದು. ಹೊನ್ನಾಳಿಯಲ್ಲಿ ಇದು ಸುಲಭ. ಹೊಳೆಗೆ ಒಂದೇ ದಿಕ್ಕು. ಕಾಲ ಬೆರಳು ನೆನೆಯುವಷ್ಟು ನೀರಿನಲ್ಲಿ ಬಿಟ್ಟರೂ ಎಲೆ ಹರಿಹರದ ಕಡೆ ಹೊರಟೇ ಬಿಡುತ್ತದೆ. ಅವಳು ಅದುವರೆಗೆ ಕಂಡದ್ದೆಲ್ಲ ಹಾಗೆ ಹರಿದುಹೋಗುವ ನೀರು.

ಸಮುದ್ರದ ಅಂಚಿನಲ್ಲಿ ಬಿಟ್ಟಳು. ಅಲೆ ತಂದು ಅವಳ ಪಾದದ ಮೇಲೆ ಹಾಕಿತು. ಮತ್ತೆ ಬಿಟ್ಟಳು, ಮತ್ತೆ ಬಂತು. ವಿಡಿಯೊ ಮಾಡುತ್ತಿದ್ದ ನನಗೆ ನಗು ಬಂತು. "ಚಿಕ್ಕವ್ವಾ, ಗಂಗವ್ವ ಒಲ್ಲೆ ಅಂತಾಳೆ ನೋಡು. ಏನೋ ತಪ್ಪು ಮಾಡೀಯ" ಎಂದೆ. ಆಗ ಹನ್ನೊಂದು ನಲವತ್ತು. ಅವಳು ತಿರುಗಿ ನನ್ನ ಮುಖ ನೋಡಿದಳು. ಓದಿದವನು, ತಿಳಿಯದೆ ಹೇಳಿಯಾನೇ ಎಂಬ ನೋಟ. ಆಮೇಲೆ ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದಳು. ಎಲೆ ವಾಪಸ್ಸು ಬಂತು. ತೊಡೆಯವರೆಗೆ. ಬಂತು. ಸೊಂಟದವರೆಗೆ ಹೋದಾಗಲೂ ನಾನು ಬಾ ಎನ್ನಲಿಲ್ಲ. ಚಿತ್ರ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಸೀರೆಯ ಸೆರಗು ಮಾತ್ರ ಕಂಡಿತು.

ಕಾಲೇಜಿನ ದಿನಗಳಲ್ಲಿ ನಾನು ಸಾಸ್ವೆಹಳ್ಳಿಯ ಹತ್ತಿರ ಹೊಳೆಯಲ್ಲಿ ಈಜಿದವನು. ಆ ಶೌರ್ಯವನ್ನು ವಿಮಾನದಲ್ಲಿ ಪಕ್ಕದವನಿಗೆ ವರ್ಣಿಸಿಯೂ ಇದ್ದೆ. ಅಂದು ನನ್ನ ಕಾಲು ಮರಳಿನಿಂದ ಏಳಲಿಲ್ಲ. ಓಡಿದವನು ಟ್ಯಾಕ್ಸಿಯವನು. ಅವನು ಅವಳನ್ನು ಹಿಡಿದು ನೇರವಾಗಿ ದಂಡೆಗೆ ಎಳೆಯಲಿಲ್ಲ. ಸೆಳವಿನ ಜೊತೆಗೇ ಓರೆಯಾಗಿ ಸಾಗಿ ದೂರದಲ್ಲೆಲ್ಲೋ ಮೇಲೆ ತಂದ. ಅಷ್ಟೂ ಹೊತ್ತು ನನ್ನ ಫೋನು ಚಾಲೂ ಇತ್ತು. ವಿಡಿಯೊದ ಕೊನೆಯ ಎರಡು ನಿಮಿಷ ಬರೀ ಮರಳು, ನನ್ನ ಚಪ್ಪಲಿ, ನನ್ನ ಉಸಿರು.

ಚಿಕ್ಕವ್ವ ಗುಂಪಿನವರಿಗೆ ಕಾಲು ಜಾರಿತು ಎಂದಳು. ನಾನೂ ಹೌದೆಂದೆ. ಊರಿಗೆ ಬಂದ ಮೇಲೂ ಅದೇ ಕಥೆ ನಡೆಯಿತು. ಆದರೆ ಅವಳು ಹೊಳೆಯ ಕಡೆಗೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಕೂರದೆ ನೆಂಟರ ಮನೆಗಳಿಗೆ ತಿರುಗತೊಡಗಿದಳು. ಒಂದು ದಿನ ಜಗಳೂರು, ಒಂದು ದಿನ ಚನ್ನಗಿರಿ, ಒಂದು ದಿನ ನ್ಯಾಮತಿ. ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಾಳೆಂದು ನಾನು ಸಮಾಧಾನಪಟ್ಟೆ. ನನಗೆ ಮಾತ್ರ ದಿನವೂ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು, ಕಾಲಡಿಯಲ್ಲಿ ಮರಳು ಸರಿದಂತಾಗಿ.

ಹೊಳೆ ತುಂಬಿತು. ಓಣಿಯ ಹೆಂಗಸರು ಬಾಗಿನ ಬಿಡಲು ಹೊರಟು ಚಿಕ್ಕವ್ವನನ್ನು ಕರೆಯಲು ಬಂದರು. ವರ್ಷಾವರ್ಷ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವಳು ಅವಳೇ. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

"ನನ್ನ ಕೈಯಿಂದ ಬ್ಯಾಡ್ರವ್ವಾ. ನೀವು ಹೋಗಿ ಬರ್ರಿ" ಎಂದಳು.

ಹೆಂಗಸರು ಅಂಗಳಕ್ಕೆ ಇಳಿದ ಮೇಲೆ ನಾನು ಹೇಳಿದೆ. ಅವತ್ತು ಅಂದದ್ದು ತಮಾಷೆಗೆ. ಸಮುದ್ರ ಯಾರು ಏನು ಬಿಟ್ಟರೂ ಹಾಗೇ ದಂಡೆಗೆ ತಂದು ಹಾಕುತ್ತದೆ, ನಿನ್ನದೊಂದನ್ನೇ ಅಲ್ಲ. ಅದು ನನಗೆ ಆಗಲೇ ಗೊತ್ತಿತ್ತು.

"ಗೊತ್ತಿತ್ತಾ?"

ಹೌದೆಂದೆ. ಅಳುತ್ತಾಳೆ ಎಂದುಕೊಂಡೆ, ನನಗೇ ಅಳು ಬರುವಂತಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಲೇ ಮೂಳ, ಯಾವ ತಪ್ಪಿಗೆ ಒಲ್ಲೆ ಅಂದ್ಲೋ ಅಂತ ನಾನು ಹಿಂದಿಂದೆಲ್ಲ ಹುಡುಕ್ಯಾಡಿ ಸುಸ್ತಾಗೀನಿ. ಜಗಳೂರಾಗೆ ನಮ್ಮ ನಾದಿನಿ ಕೈ ಹಿಡಕಂಡು ತಪ್ಪಾತು ಅಂದೆ. ಅದು ಹೋಗ್ಲಿ, ತಪ್ಪು ನಂದೇ ಇತ್ತು. ನ್ಯಾಮತಿ ಸರೋಜಿ ಮನಿಗೂ ಹೋಗಿ ಕೈ ಮುಗಿದು ಬಂದೀನಲ್ಲೋ. ಹನ್ನೊಂದು ವರ್ಷದ ಜಗಳ. ಅದ್ರಾಗೆ ತಪ್ಪೆಲ್ಲ ಅವಳದೈತೆ. ಈಗ ಅವಳ ಮುಂದೆ ಹೋಗಿ ಹೆಂಗೆ ಹೇಳ್ಲಿ, ನಂದೇನೂ ತಪ್ಪಿರಲಿಲ್ಲ ಅಂತ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ನೀರಾಗೆ ಮುಳುಗಿಸಿದ್ದು ಮಾಫು ಮಾಡ್ತೀನಿ. ಇದನ್ನ ಮಾಡಾಕಿಲ್ಲ" ಎಂದು ಮೊರ ಎತ್ತಿಕೊಂಡು, ನಿಲ್ಲಿರಿ ಬಂದೆ ಎಂದು ಹೆಂಗಸರನ್ನು ಕೂಗುತ್ತ ಹೊರಟಳು.

ಒಂದು ಮಾತನ್ನು ನಂಬಿ ಅವಳು ತನ್ನ ಇಡೀ ಬದುಕನ್ನು ಸೋಸಿ ನೋಡಿದ್ದಳು. ನಾನು ತಿದ್ದಬೇಕಾಗಿದ್ದದ್ದು ಆ ಒಂದು ಮಾತನ್ನಷ್ಟೇ. ಅದಕ್ಕೆ ಎರಡೂವರೆ ತಿಂಗಳು ತೆಗೆದುಕೊಂಡೆ. ಹೊತ್ತು ಪೋಲು ಮಾಡಬಾರದೆನ್ನುವ ಮನುಷ್ಯನ ಲಕ್ಷಣ ಇದು.

ಅಂದು ಸೋಮವಾರ. ಹೊಳೆಯಿಂದ ಬಂದವಳು ಸಂಜೆಯವರೆಗೂ ಬೈದಳು; ಊಟಕ್ಕೆ ಬಡಿಸುತ್ತ ಸರೋಜಿಯ ವಿಷಯ ಮತ್ತೆ ಮೊದಲಿನಿಂದ ತೆಗೆದಳು. ನಾನು ಅನ್ನ ಕಲಸುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ಹೋಗಿ ಮಲಗಿದವನಿಗೆ ಎಚ್ಚರವಾದದ್ದು ಮೂರು ಗಂಟೆಗಲ್ಲ; ಮಂಗಳವಾರ, ಬಿಸಿಲು ಕಿಟಕಿ ದಾಟಿ ಮುಖದ ಮೇಲೆ ಬಂದಾಗ.