ಒರತೆಯ ಮೇಲಿನ ಇಳಿಜಾರು

ಆ ವರ್ಷದ ಡೈರಿಯಲ್ಲಿ ಮೇ ತಿಂಗಳ ಒಂದು ದಿನಕ್ಕೆ ಎರಡೇ ವಾಕ್ಯಗಳಿವೆ. "ಮೇಸ್ತ್ರಿ ಏನೋ ಹೇಳಿದ. ಟ್ರೆಂಚಿನ ಕೆಲಸ ಮುಗಿಯಿತು." ಏನು ಹೇಳಿದ ಎಂದು ಬರೆದಿಟ್ಟಿಲ್ಲ. ನೆನಪನ್ನು ಕೇಳಿದರೆ ಅದು ಇಡೀ ಸಂಭಾಷಣೆಯನ್ನೇ ಒಪ್ಪಿಸುತ್ತದೆ. ಅಷ್ಟು ಸರಾಗವಾಗಿ ಒಪ್ಪಿಸುವುದರಿಂದಲೇ ನನಗೆ ಅದರ ಮೇಲೆ ಅನುಮಾನ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದ ನಾನು ಮಣ್ಣು ಸಂರಕ್ಷಣೆಯ ಕೆಲಸಕ್ಕೆ ಆಯ್ಕೆಯಾದೆ. ಬಯಲುಸೀಮೆಯ ಒಂದು ಕೇಂದ್ರದಲ್ಲಿ ಆರು ತಿಂಗಳು ತರಬೇತಿ. ಕಾಲೇಜಿನಲ್ಲಿ ಎಲೆಗಳ ಹೆಸರು ಕಲಿತಿದ್ದೆ. ಕೈಗೆ ಒಂದು ಕೆಲಸ ಬಂದದ್ದು ಅಲ್ಲಿ. ಬೆಳಗಿನ ಬಿಸಿಲಿನಲ್ಲಿ, ನೆಲದ ಮಟ್ಟ ನೋಡುವ ದುರ್ಬೀನಿನ ಲೆವೆಲ್ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವಿಗೆ ಬಂದು ನಿಲ್ಲುವವರೆಗೆ ತಿರುಪು ತಿರುಗಿಸುತ್ತಿದ್ದೆವು. ಗುಳ್ಳೆ ಮೊದಲ ಸಲ ನಿಂತಾಗ ಆದ ಸಂತೋಷ ಪದವಿ ಪತ್ರ ಕೈಗೆ ಬಂದಾಗಲೂ ಆಗಿರಲಿಲ್ಲ. ಆ ಕೆಂಪು ಹೊಲಗಳು, ಮಧ್ಯಾಹ್ನದ ಜೋಳದ ರೊಟ್ಟಿ, ಸಂಜೆ ಲೆಕ್ಕ ತಾಳೆಯಾಗದೆ ಮತ್ತೆ ಹೊಲಕ್ಕೆ ಓಡುತ್ತಿದ್ದ ನಾವು ಏಳೆಂಟು ಜನ, ಇದೆಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸಬೇಕು ಎಂಬುದು ಅಲ್ಲಿನ ಮುಖ್ಯ ಪಾಠ. ಅಲ್ಲಿ ವರ್ಷವಿಡೀ ಕಾದು ಪಡೆಯುವ ಮಳೆ ನಮ್ಮಲ್ಲಿ ಆಷಾಢದ ಕೆಲವು ದಿನಗಳಲ್ಲೇ ಸುರಿದು ಹೋಗುತ್ತದೆ. ಕೊಡಗಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹೊಳೆಯಲಿಲ್ಲ.

ಸೋಮವಾರಪೇಟೆಗೆ ಬಂದ ಮೇಲೆ ನನ್ನ ಮೊದಲ ಕೆಲಸ ಒಂದು ಮಾದರಿ ತಾಕು ಮಾಡಿ ತೋರಿಸುವುದು. ಜಾಗ ಕೊಡಲು ಒಪ್ಪಿದವರು ಪೇಟೆಯಿಂದ ಐದಾರು ಮೈಲಿ ಆಚೆ ನಾಲ್ಕು ಎಕರೆ ಕಾಫಿ ಮಾಡುತ್ತಿದ್ದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಿಭಾಯಿಸುತ್ತಿದ್ದರು. ಮನೆಯ ಹಿಂದಿನ ಇಳಿಜಾರಿನಲ್ಲಿ ಹೊಸದಾಗಿ ಕಾಫಿ ಸಸಿ ನೆಡಿಸಿದ್ದರು. ಅದರ ಬುಡದಲ್ಲಿ ಒಂದು ಒರತೆ. ಕುಡಿಯಲು, ಅಡುಗೆಗೆ, ದನಕ್ಕೆ ಎಲ್ಲಕ್ಕೂ ಅದೇ ನೀರು. ಸಸಿಗಾಗಿ ನೆಲ ಅಗೆದಾಗಿನಿಂದ ಮಳೆಗಾಲದಲ್ಲಿ ಒರತೆ ಕೆಂಪಾಗುತ್ತಿತ್ತು.

"ನನಗೆ ಬೇಕಾಗಿರೋದು ಇಷ್ಟೇ ಸಾರ್" ಎಂದಿದ್ದರು. "ಮಣ್ಣು ಮೇಲೇ ಇರಬೇಕು, ನೀರು ಕೆಳಗೆ ಬರಬೇಕು. ಅದು ನಿಮ್ಮ ಓದಲ್ಲಿ ಇದ್ರೆ ಮಾಡಿ."

ಇದೆ ಎಂದೆ.

ಅಗೆಯುವ ಆಳುಗಳ ಜೊತೆ ಒಬ್ಬ ಮೇಸ್ತ್ರಿ ಬಂದ. ದೊಡ್ಡ ಎಸ್ಟೇಟುಗಳಲ್ಲಿ ಬಹಳ ವರ್ಷ ದುಡಿದವನು, ನನ್ನ ತಂದೆಯ ವಯಸ್ಸಿನವನು. ಇಲಾಖೆಯವನೆಂಬ ಠೀವಿಯಲ್ಲಿ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಯಂತ್ರ ಇಟ್ಟು, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಗೆರೆ ಹಾಕಿ, ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದ ಮೂರು ಟ್ರೆಂಚು ತೋಡಿಸಿದೆ.

ನೆನಪು ಒಪ್ಪಿಸುವ ಸಂಭಾಷಣೆ ಇದು. ಮೇಸ್ತ್ರಿ ಗುದ್ದಲಿ ಊರಿ ನಿಂತು, "ಇಷ್ಟುದ್ದ ಒಂದೇ ಚರಂಡಿ ಯಾಕೆ ಸಾರ್? ಒಂದು ಕಡೆ ಒಡೆದ್ರೆ ಎಲ್ಲಾ ನೀರೂ ಅಲ್ಲಿಗೇ ಬರುತ್ತಲ್ಲ?" ಎನ್ನುತ್ತಾನೆ. ನಾನು ಯಂತ್ರದಿಂದ ಕಣ್ಣು ತೆಗೆಯದೆ, "ಮಟ್ಟ ಸರಿಯಾಗಿದ್ದರೆ ಒಡೆಯಲ್ಲ" ಎನ್ನುತ್ತೇನೆ. ನಡೆದದ್ದೇ ಹೀಗೋ, ಆಮೇಲೆ ಆದ ಅನಾಹುತಕ್ಕೆ ತಕ್ಕ ಹಾಗೆ ನಾನೇ ಕಟ್ಟಿಕೊಂಡದ್ದೋ ತಿಳಿಯದು.

ಆಷಾಢದಲ್ಲಿ ಮಳೆ ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ನೋಡಿದರೆ, ನಡುವಿನ ಟ್ರೆಂಚಿನ ಅಂಚಿನಲ್ಲಿ ಒಂದು ಏಡಿಯ ಬಿಲ ಇತ್ತು. ಅಲ್ಲಿ ಜಿನುಗಿದ ನೀರು ಅಂಚನ್ನೇ ಕಿತ್ತಿತ್ತು. ಇಡೀ ಟ್ರೆಂಚಿನಲ್ಲಿ ನಿಂತಿದ್ದ ನೀರು ಆ ಒಂದೇ ಬಾಯಿಯಿಂದ ನುಗ್ಗಿ, ಕೆಳಗಿನ ಟ್ರೆಂಚನ್ನೂ ಒಡೆದುಕೊಂಡು ಹೋಗಿತ್ತು. ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ಒರತೆಯ ಜಾಗದಲ್ಲಿ ಕೆಂಪು ಕೆಸರಿನ ದಿಬ್ಬ. ಯಜಮಾನಿ ಕಂಬಳಿ ಕೊಪ್ಪೆ ಹಾಕಿಕೊಂಡು ಬುಟ್ಟಿಯಲ್ಲಿ ಕೆಸರು ಎತ್ತಿ ಹಾಕುತ್ತಿದ್ದರು.

"ಬಂದ್ರಾ ಸಾರ್? ಒಳಗೆ ಬನ್ನಿ, ಕಾಫಿ ಕುಡೀರಿ" ಎಂದರು. "ನೀರು ಪಕ್ಕದ ಮನೇದು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಾಫಿ ಕುಡಿದೆ. ಆಮೇಲೆ ಪ್ಯಾಂಟು ಮಡಚಿ ಕೆಸರಿಗೆ ಇಳಿದೆ.

ಮಳೆ ನಿಂತು ಹೊಳವಾದ ವಾರ ಮೇಸ್ತ್ರಿಯನ್ನು ಕರೆಸಿ, ಏನು ಮಾಡಬೇಕೆಂದು ಕೇಳಿದೆ. ಬಾಯಲ್ಲಿ ತಾನಾಗಿ ಬಹುವಚನ ಬಂತು. ಅವರು ಸಣ್ಣಗೆ ನಕ್ಕು, ಇಳಿಜಾರಿನಲ್ಲಿ ಅಡ್ಡಡ್ಡ ನಡೆದರು. ಬರಿಗಾಲು. ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ಗುರುತು ಹಾಕಿದರು. ಒಬ್ಬ ಆಳು ಮಲಗುವಷ್ಟು ಉದ್ದದ ಗುಂಡಿ, ಆಮೇಲೆ ಅಷ್ಟೇ ಉದ್ದ ನೆಲ ಬಿಟ್ಟು ಮತ್ತೊಂದು ಗುಂಡಿ. ಕೆಳಗಿನ ಸಾಲಿನ ಗುಂಡಿಗಳು ಮೇಲಿನ ಸಾಲಿನ ಸಂದಿಗೆ ಎದುರಾಗಿ ಬರಬೇಕು. ತೊಟ್ಟಿಲು ಗುಂಡಿ ಎನ್ನುತ್ತಾರೆ. ಒಂದು ಒಡೆದರೆ ಒಂದರ ನೀರಷ್ಟೇ ಹೋಗುತ್ತದೆ; ಅದನ್ನು ಹಿಡಿಯಲು ಕೆಳಗೆ ಇನ್ನೊಂದಿರುತ್ತದೆ. ನನ್ನ ಟ್ರೆಂಚುಗಳಿಗೆ ಅಲ್ಲಲ್ಲಿ ಮಣ್ಣು ತುಂಬಿ ಬಡಿದು ತುಂಡು ಮಾಡಿದೆವು. ಗುದ್ದಲಿ ನಾನೂ ಹಿಡಿದೆ. ಅಂಗೈಯಲ್ಲಿ ಬೊಕ್ಕೆ ಬಂದು ಒಡೆಯಿತು; ಕಾಲಿಗೆ ಜಿಗಣೆ.

"ನಿಮ್ಮ ದುರ್ಬೀನಿಗೆ ಮಳೆ ಕಾಣಲ್ವಾ ಸಾರ್?" ಎಂದು ಮೇಸ್ತ್ರಿ ಕೇಳಿದರು.

"ದೂರದ ಊರಿನ ಮಳೆ ಮಾತ್ರ ಕಾಣುತ್ತೆ."

ಈ ಉತ್ತರ ಅಲ್ಲೇ ಕೊಟ್ಟೆನೋ, ರಾತ್ರಿ ಡೈರಿ ಬರೆಯುವಾಗ ಹೊಳೆಯಿತೋ. ಆದರೆ ಯಂತ್ರ ಸುಮ್ಮನೆ ಕೂರಲಿಲ್ಲ. ಇಳಿಜಾರಿನ ತುದಿಯಲ್ಲಿ ಒಂದು ದೊಡ್ಡ ಅತ್ತಿ ಮರ ಓರೆಯಾಗಿ ನಿಂತಿತ್ತು. ಅದರ ಹತ್ತಿರ ಹೋಗುವಾಗ ಮೇಸ್ತ್ರಿ ಹಾಕಿದ ಸಾಲು ಕೆಳಕ್ಕೆ ಜಾರಿದೆ ಎಂದು ಯಂತ್ರ ತೋರಿಸಿತು. ಅವರು ಒಪ್ಪಲಿಲ್ಲ. ಒಂದು ಬಕೆಟ್ ನೀರು ತಂದು ಗುಂಡಿಗೆ ಸುರಿದರು. ನೀರೆಲ್ಲ ಮರದ ಕಡೆಯ ಮೂಲೆಗೆ ಓಡಿತು.

"ಮರ ನೋಡಿ ನಾನೂ ಓರೆಯಾದೆ" ಎಂದು ಅವರೇ ಜೋರಾಗಿ ನಕ್ಕರು. ಅಲ್ಲಿಂದ ಮುಂದೆ ಅವರು ನಡೆದು ಗುರುತು ಹಾಕುವುದು, ನಾನು ಯಂತ್ರ ಇಟ್ಟು ನೋಡುವುದು ಎಂದಾಯಿತು. ಅಂಚುಗಳಿಗೆ ಹುಲ್ಲು ನೆಟ್ಟೆವು. ಗುಂಡಿಗಳೊಳಗೆ ನೆರಳಿಗೆ ಬೆಳೆಸಿದ ಹಾಲುವಾಣ ಮರದ ಸೊಪ್ಪು ಹಾಕಿದೆವು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೇಳಿಯೇಬಿಟ್ಟೆ. "ಟ್ರೆಂಚು ಒಡೆಯುತ್ತೆ ಅಂತ ನೀವು ಮೇ ತಿಂಗಳಲ್ಲೇ ಹೇಳಿದ್ರಲ್ಲ?"

"ನಾನಾ? ಗುದ್ದಲಿ ಕಾವು ಬದಲಾಯಿಸ್ಬೇಕು ಅಂದಿದ್ದೆ, ಅಷ್ಟೇ" ಎಂದರು.

ಅದು ನಿಜವೋ, ನನ್ನ ಮುಖ ಉಳಿಸಲು ಹೇಳಿದ್ದೋ, ಇವತ್ತಿಗೂ ಬಗೆಹರಿದಿಲ್ಲ.

ಅಷ್ಟರಲ್ಲಿ ಕಚೇರಿಯಲ್ಲಿ ಬೇರೊಂದು ನಡೆಯುತ್ತಿತ್ತು. ನನ್ನ ಮೂರು ಟ್ರೆಂಚಿನ ನಕ್ಷೆ ಮೇಲಧಿಕಾರಿಗಳಿಗೆ ಬಹಳ ಹಿಡಿಸಿತ್ತು. ಅದನ್ನೇ ಸುತ್ತಲಿನ ಬೇರೆ ತೋಟಗಳಲ್ಲೂ ತೋಡಿಸುವ ಆಲೋಚನೆ ಅವರದು. ವರದಿ ಕೇಳಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎರಡು ದಿನ ಕಾಗದದ ಮುಂದೆ ಕುಳಿತೆ. "ಅತಿವೃಷ್ಟಿಯಿಂದ ಹಾನಿ" ಎಂದು ಬರೆದರೆ ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಆ ಇಳಿಜಾರುಗಳ ಕೆಳಗೂ ಒರತೆಗಳಿದ್ದವು, ಗದ್ದೆಗಳಿದ್ದವು. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಇದ್ದ ಹಾಗೆ ಎಂದೆನಲ್ಲ, ಪೂರ್ತಿ ಅಲ್ಲ. ತೊಟ್ಟಿಲು ಗುಂಡಿಯನ್ನು "ಸ್ಥಳೀಯ ಪದ್ಧತಿ" ಎಂದು ಬರೆದೆ. ಮೇಸ್ತ್ರಿಯ ಹೆಸರು ಬರೆಯಲಿಲ್ಲ. ಆಗ ಅದು ತಪ್ಪೆನಿಸಲೂ ಇಲ್ಲ.

ವರದಿ ಓದಿ ಸಾಹೇಬರು ಕರೆಸಿದರು. "ಸರ್ಕಾರ ಅಷ್ಟು ದೂರ ಕಳಿಸಿ ಕಲಿಸಿದ್ದು ತಪ್ಪು ಅಂತೀರಾ?"

"ತಪ್ಪಲ್ಲ ಸಾರ್. ಅದು ಬೇರೆ ಮಳೆಯ ಪಾಠ."

"ಖಾಯಂ ಆಗೋ ತನಕ ಇಷ್ಟು ಚೆನ್ನಾಗಿ ಮಾತಾಡಬಾರದು ಕಣ್ರೀ" ಎಂದರು. ನಕ್ಷೆಯನ್ನು ಮಡಚಿ ಫೈಲಿಗೆ ಸೇರಿಸಿದರು. "ಮುಂದಿನ ಮಳೆಗಾಲ ನೋಡೋಣ. ಆ ಯಮ್ಮನ ಒರತೆ ತಿಳಿಯಾಗಿ ಬಂದರೆ ನಿಮ್ಮ ಗುಂಡಿ. ಇಲ್ಲದಿದ್ದರೆ ಈ ಮೊದಲಿನ ನಕ್ಷೆಯೇ."

ಮುಂದಿನ ವರ್ಷ ಮಳೆ ತಡವಾಗಿ ಬಂದರೂ ಬಿಡದೆ ಹೊಡೆಯಿತು. ದಿನ ಬಿಟ್ಟು ದಿನ ಹೋಗುತ್ತಿದ್ದೆ. ಮೇಸ್ತ್ರಿಯೂ ನಾನೂ ಮಳೆಗೆ ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹಾಕಿಕೊಂಡು ಇಳಿಜಾರಿನ ನೆತ್ತಿಯಲ್ಲಿ ಕೂತು ನೋಡುತ್ತಿದ್ದೆವು. ಗುಂಡಿಗಳು ತುಂಬಿದವು. ಮೇಲಿನದು ತುಳುಕಿದಾಗ ನೀರು ಹುಲ್ಲಿನ ಮೇಲಿಂದ ಇಳಿದು ಕೆಳಗಿನದಕ್ಕೆ ಸೇರಿತು. ಎರಡು ಗುಂಡಿ ಕುಸಿದವು, ಅಷ್ಟೇ. ಆದರೂ ಒರತೆ ಮಾತ್ರ ಮೊದಲ ವಾರವೆಲ್ಲ ಕೆಂಪಾಗಿಯೇ ಬಂತು; ಹೋದ ವರ್ಷದ ಕೆಸರು ಒಳಗೇ ಕೂತಿತ್ತೇನೋ. ಒರತೆಗೆ ಮೊದಲು ನೀರು ಉಕ್ಕುವ ಎರಡು ಕಣ್ಣಿದ್ದವಂತೆ. ಒಂದು ಮತ್ತೆ ತೆರೆಯಲೇ ಇಲ್ಲ.

ಎರಡನೆಯ ವಾರ ಒಂದು ಬೆಳಿಗ್ಗೆ ಹೋದಾಗ ಯಜಮಾನಿ ಒರತೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು. ಹಿತ್ತಾಳೆ ಕೊಡ ತುಂಬಿಸಿ, ಕೆಳಗಿಟ್ಟು, ಕೆಸರು ತಳ ಸೇರುವಷ್ಟು ಹೊತ್ತು ಕಾದು, ಬಗ್ಗಿ ತಳ ನೋಡಿದರು. ಚೆಲ್ಲಿದರು. ಮತ್ತೆ ತುಂಬಿಸಿ ಮತ್ತೆ ಕಾದರು. ನಾನೂ ಮೇಸ್ತ್ರಿಯೂ ನೋಡುತ್ತ ನಿಂತಿದ್ದೆವು. ಈ ಸಲ ಅವರು ಕೊಡವನ್ನು ಸೊಂಟಕ್ಕೇರಿಸಿ ಅಡುಗೆಮನೆಗೆ ತೆಗೆದುಕೊಂಡು ಹೋದರು.